ಹಸುವಿಗೆ ವಿಮೆಯೋ, ಔಷಧದ ಗಂಟೋ?

ಇತ್ತೀಚೆಗೆ ಒಂದು ಹಳ್ಳಿಯ ವಾಚನಾಲಯದಲ್ಲಿ ಮುಂಗಾರು ಬಿತ್ತನೆಯ ಬಗ್ಗೆ ಸಭೆ ಮುಗಿಸಿ ಹೊರಡುವ ಹೊತ್ತಿಗೆ ಹಿರಿಯ ರೈತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ರಾಗಿ ವಿಚಾರ ತಿಳೀತು ಸ್ವಾಮಿ, ನನ್ನದು ಬೇರೆ ಪ್ರಶ್ನೆ" ಎಂದರು. ಅವರು ತಮ್ಮ ಮಿಶ್ರತಳಿ ಹಸುವಿಗೆ ವಿಮೆ ಮಾಡಿಸಿದ್ದರು. ಹಸುವಿಗೆ ಕೆಚ್ಚಲು ಬಾವು ಬಂತು. ಔಷಧ, ಇಂಜೆಕ್ಷನ್, ಡಾಕ್ಟರನ್ನು ಕರೆತಂದ ವಾಹನದ ಬಾಡಿಗೆ ಎಲ್ಲ ಸೇರಿ ಎರಡೂವರೆ ಸಾವಿರ ರೂಪಾಯಿ ಖರ್ಚಾಯಿತು. ಚೀಟಿಗಳನ್ನೆಲ್ಲ ಜೋಪಾನವಾಗಿ ಕಟ್ಟಿಕೊಂಡು ವಿಮಾ ಕಚೇರಿಗೆ ಹೋದರೆ, ಅಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ ಎಂದು ಹೇಳಿ ಕಳುಹಿಸಿದರು. "ಹಾಗಾದರೆ ವಿಮೆ ಯಾತಕ್ಕೆ? ಆ ದುಡ್ಡನ್ನೇ ಡಬ್ಬಿಗೆ ಹಾಕಿಟ್ಟಿದ್ದರೆ ಔಷಧಕ್ಕಾದರೂ ಆಗುತ್ತಿರಲಿಲ್ಲವೇ?" ಎಂಬುದು ಅವರ ಪ್ರಶ್ನೆ.

ಅವರ ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬ ಕೂಡಲೇ ಬಾಯಿ ಹಾಕಿದ. ಅವನ ಮನೆಯಲ್ಲಿ ಹಿಂದಿನ ವರ್ಷ ಕರು ಹಾಕಿದ ಮೂರನೆಯ ದಿನವೇ ಹಸು ಸತ್ತಿತ್ತು. ವಿಮೆ ಇರಲಿಲ್ಲ. "ಡಬ್ಬಿಯಲ್ಲಿ ಎಷ್ಟು ಇರ್ತದೆ ಅಜ್ಜ? ಹಸು ಬರ್ತದಾ ಅದರಲ್ಲಿ?" ಎಂದ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಎರಡು ಬೇರೆ ಬೇರೆ ನಷ್ಟಗಳ ಬಗ್ಗೆ ಮಾತಾಡುತ್ತಿದ್ದರು. ಈ ವಾರ ಅದನ್ನೇ ಬಿಡಿಸಿ ನೋಡೋಣ.

ನಾನು ಪಶುವೈದ್ಯನಲ್ಲ, ಕೃಷಿ ಪದವೀಧರ. ರೋಗದ ವಿಚಾರದಲ್ಲಿ ನಿಮ್ಮ ಪಶುವೈದ್ಯರ ಮಾತೇ ಕೊನೆಯ ಮಾತು. ಇಲ್ಲಿ ನಾನು ಹೇಳಹೊರಟಿರುವುದು ದುಡ್ಡಿನ ಲೆಕ್ಕವನ್ನು ಮತ್ತು ಕಾಗದಪತ್ರದ ವಿಚಾರವನ್ನು.

ಜಾನುವಾರು ವಿಮೆ ಯಾವುದಕ್ಕೆ?

ನಮ್ಮ ದೇಶದಲ್ಲಿ ರೈತರಿಗೆ ಸಿಗುವ ಜಾನುವಾರು ವಿಮೆ ಮುಖ್ಯವಾಗಿ ಸಾವಿನ ವಿಮೆ. ರೋಗದಿಂದಾಗಲಿ, ಅಪಘಾತದಿಂದಾಗಲಿ, ಸಿಡಿಲು, ಪ್ರವಾಹ, ಬೆಂಕಿ, ಹಾವು ಕಡಿತದಿಂದಾಗಲಿ ಪ್ರಾಣಿ ಸತ್ತರೆ ಪಾಲಿಸಿಯಲ್ಲಿ ಬರೆದಿರುವ ಮೊತ್ತವನ್ನು ಕೊಡುತ್ತಾರೆ. ಬದುಕಿರುವ ಪ್ರಾಣಿಯ ಚಿಕಿತ್ಸೆಯ ಖರ್ಚನ್ನು ಕೊಡುವುದಿಲ್ಲ. ಬ್ರಿಟನ್ನಿನಂಥ ದೇಶಗಳಲ್ಲಿ ಮನೆಯಲ್ಲಿ ಸಾಕಿದ ನಾಯಿ, ಬೆಕ್ಕು, ಮೊಲಗಳಿಗೂ ಡಾಕ್ಟರ ಬಿಲ್ಲು ಭರಿಸುವ ವಿಮೆಯುಂಟು. ನಮ್ಮ ಕೊಟ್ಟಿಗೆಯ ವಿಮೆ ಆ ಬಗೆಯದಲ್ಲ.

ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಶಾಶ್ವತ ಪೂರ್ಣ ಅಂಗವೈಕಲ್ಯವನ್ನೂ ಸೇರಿಸಿಕೊಳ್ಳುವ ಅವಕಾಶ ಹಲವು ಪಾಲಿಸಿಗಳಲ್ಲಿದೆ. ಅಂದರೆ, ಹಸು ಇನ್ನೆಂದೂ ಗಬ್ಬವಾಗದ ಅಥವಾ ಹಾಲು ಕೊಡದ ಸ್ಥಿತಿಗೆ ಬಂದರೆ, ಮೊತ್ತದ ಒಂದು ಪಾಲು ಸಿಗುತ್ತದೆ. ಒಂದು ಮೊಲೆ ಕೆಟ್ಟರೆ ಅದು ಪೂರ್ಣ ಅಂಗವೈಕಲ್ಯವಾಗುವುದಿಲ್ಲ.

ಆದ್ದರಿಂದ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರವಿಷ್ಟೆ: ಕೆಚ್ಚಲು ಬಾವಿನ ಔಷಧಕ್ಕೆ ಗಂಟು ಬೇಕು, ಹಸು ಸತ್ತರೆ ವಿಮೆ ಬೇಕು. ಒಂದು ಇನ್ನೊಂದರ ಕೆಲಸ ಮಾಡಲಾರದು. ಛತ್ರಿಯೂ ಕಂಬಳಿಯೂ ಮನೆಯಲ್ಲಿರುವ ಹಾಗೆ ಇವೂ ಇರಬೇಕು. ಯಾವುದಕ್ಕೆ ಎಷ್ಟು ದುಡ್ಡು ಎಂಬುದನ್ನು ಮಾತ್ರ ಅವರವರ ಕೊಟ್ಟಿಗೆ ನೋಡಿ ತೀರ್ಮಾನಿಸಬೇಕು.

ಲೆಕ್ಕ ಹಾಕಿ ನೋಡಿ

ನಿಮ್ಮ ಹಸುವಿನ ಬೆಲೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ರೀಮಿಯಂ ದರ ಕಂಪನಿಯಿಂದ ಕಂಪನಿಗೆ, ಯೋಜನೆಯಿಂದ ಯೋಜನೆಗೆ ಬೇರೆಯಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ನೂರಕ್ಕೆ 4 ರೂಪಾಯಿ ಎಂದು ಇಟ್ಟುಕೊಳ್ಳೋಣ. ತೆರಿಗೆಯನ್ನು ಬಿಟ್ಟರೆ ವರ್ಷಕ್ಕೆ 2,400 ರೂಪಾಯಿ ಆಯಿತು.

ಇದನ್ನೇ ವಿಮೆಗೆ ಕಟ್ಟದೆ ಡಬ್ಬಿಗೆ ಹಾಕುತ್ತ ಹೋದರೆ 60,000 ಕೂಡಲು 25 ವರ್ಷ ಬೇಕು. ಹಸು 25 ವರ್ಷ ಕಾಯುವುದಿಲ್ಲ. ಎರಡನೆಯ ವರ್ಷದ ಕೊನೆಗೆ ಸತ್ತರೆ ಡಬ್ಬಿಯಲ್ಲಿರುವುದು 4,800 ರೂಪಾಯಿ ಮಾತ್ರ. ಅದರಲ್ಲಿ ಒಂದು ಹೆಣ್ಣು ಕರುವೂ ಬರಲಾರದು.

ಈಗ ಇನ್ನೊಂದು ಕಡೆಯಿಂದ ನೋಡಿ. ಊರಿನಲ್ಲಿ ಇಂಥವೇ 25 ಹಸುಗಳಿವೆ, ಎಲ್ಲರೂ 2,400ರಂತೆ ಕಟ್ಟಿದರು ಎನ್ನೋಣ. ಒಟ್ಟು 60,000 ಆಯಿತು. ವರ್ಷಕ್ಕೆ 25ರಲ್ಲಿ ಒಂದು ಹಸು ಸತ್ತರೆ ಕಟ್ಟಿದ್ದೂ ಬಂದದ್ದೂ ಸಮ. ಅದಕ್ಕಿಂತ ಕಡಿಮೆ ಸತ್ತರೆ ಊರಿಗೆ ಒಟ್ಟಾರೆ ಸ್ವಲ್ಪ ನಷ್ಟ, ಹೆಚ್ಚು ಸತ್ತರೆ ಲಾಭ. ಚೆನ್ನಾಗಿ ನೋಡಿಕೊಂಡ, ಲಸಿಕೆ ಹಾಕಿಸಿದ ಊರಿನಲ್ಲಿ ಇಷ್ಟೊಂದು ಸಾಯಲಾರವು. ಹಾಗಾಗಿ "ವಿಮೆಯಿಂದ ಕಂಪನಿಗೇ ಲಾಭ" ಎಂದು ನೀವು ಹೇಳುವುದು ಸುಳ್ಳಲ್ಲ.

ಆದರೆ ಒಂದೇ ಹಸು ಇರುವವನಿಗೆ ಈ ಊರ ಲೆಕ್ಕದಿಂದ ಸಮಾಧಾನವಿಲ್ಲ. ಉಳಿದ 24 ಹಸುಗಳು ಚೆನ್ನಾಗಿವೆ ಎಂದು ಕೊಟ್ಟಿಗೆ ಖಾಲಿಯಾದವನು ಸಂತೋಷಪಡಲು ಸಾಧ್ಯವೇ? ಅವನು ವರ್ಷಕ್ಕೆ 2,400 ಕಳೆದುಕೊಂಡರೆ ತಡೆದುಕೊಳ್ಳಬಲ್ಲ, ಒಂದೇ ದಿನ 60,000 ಕಳೆದುಕೊಂಡರೆ ತಡೆದುಕೊಳ್ಳಲಾರ. ಇದೇ ಇಲ್ಲಿಯ ಸೂತ್ರ. ಬಿದ್ದರೆ ಏಳಲಾಗದಂಥ ನಷ್ಟಕ್ಕೆ ವಿಮೆ ಮಾಡಿಸಿ. ಬಿದ್ದು ಎದ್ದು ಹೋಗಬಹುದಾದ ನಷ್ಟಕ್ಕೆ ಉಳಿತಾಯ ಮಾಡಿ.

ಸರ್ಕಾರದ ಪಾಲು

ಮೇಲಿನ ಲೆಕ್ಕ ಪೂರ್ತಿ ಪ್ರೀಮಿಯಂ ನೀವೇ ಕಟ್ಟಿದರೆ. ಸಹಾಯಧನ ಸಿಕ್ಕಿದರೆ ಚಿತ್ರವೇ ಬದಲಾಗುತ್ತದೆ.

ಕೇಂದ್ರ ಸರ್ಕಾರದ ಜಾನುವಾರು ವಿಮಾ ಯೋಜನೆ 2005-06ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2014-15ರಿಂದ ಅದನ್ನು ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಸೇರಿಸಲಾಯಿತು. ಮೊದಲು ರೈತನ ವರ್ಗ, ಪ್ರದೇಶ ನೋಡಿ ಪ್ರೀಮಿಯಂನಲ್ಲಿ ನೂರಕ್ಕೆ 20ರಿಂದ 50ರವರೆಗೆ ರೈತನೇ ಕಟ್ಟಬೇಕಾಗಿತ್ತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ಇದನ್ನು ಬದಲಿಸಿ, ರೈತನ ಪಾಲನ್ನು ಎಲ್ಲರಿಗೂ ನೂರಕ್ಕೆ 15 ಎಂದು ಗೊತ್ತುಮಾಡಿತು. ಉಳಿದದ್ದನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳಬೇಕು.

ಹಾಗಾದರೆ ನಮ್ಮ ಉದಾಹರಣೆಯ 2,400 ರೂಪಾಯಿಯಲ್ಲಿ ರೈತನ ಪಾಲು 360 ರೂಪಾಯಿ. ದಿನಕ್ಕೆ ಒಂದು ರೂಪಾಯಿಯೂ ಆಗಲಿಲ್ಲ. ಈ ದರದಲ್ಲಿ ವಿಮೆ ಸಿಗುವಾಗ "ಮಾಡಿಸಲೋ ಬೇಡವೋ" ಎಂದು ಯೋಚಿಸುತ್ತ ಕೂರುವ ಅಗತ್ಯವಿಲ್ಲ.

ಆದರೆ ಒಂದು ಮಾತು. ಸಹಾಯಧನದ ವಿಮೆ ವರ್ಷವಿಡೀ ಎಲ್ಲ ಕಡೆಯೂ ಕೈಗೆ ಸಿಗುತ್ತದೆಂದು ನಂಬಿ ಕೂರಬೇಡಿ. ಅನುದಾನ ಇರುವಷ್ಟು, ಗುರಿ ಇರುವಷ್ಟು ಎಂದು ನಡೆಯುತ್ತದೆ. ಪಶು ಆಸ್ಪತ್ರೆಯಲ್ಲಿ ವರ್ಷದ ಆರಂಭದಲ್ಲೇ ವಿಚಾರಿಸಿ ಹೆಸರು ಬರೆಸಿ. ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಾದರೆ ಕಾರ್ಯದರ್ಶಿಯನ್ನೂ ಕೇಳಿ. ನಮ್ಮ ರಾಜ್ಯದ ಹಲವು ಹಾಲು ಒಕ್ಕೂಟಗಳು ಸದಸ್ಯರ ರಾಸುಗಳ ಪ್ರೀಮಿಯಂನಲ್ಲಿ ಒಂದು ಪಾಲನ್ನು ತಾವು ಭರಿಸಿ ಗುಂಪು ವಿಮೆ ಮಾಡಿಸುತ್ತ ಬಂದಿವೆ.

"ಸತ್ತರೆ ಸರ್ಕಾರ ಪರಿಹಾರ ಕೊಡುತ್ತದಲ್ಲ?" ಎಂದು ಕೇಳುವವರಿದ್ದಾರೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಘೋಷಿಸಿತು. ಅಂಥ ಹೊತ್ತಿನಲ್ಲಿ ಅದು ದೊಡ್ಡ ಆಸರೆಯೇ. ಆದರೆ 60,000ದ ಹಸುವಿಗೆ 20,000 ಬಂದರೆ ಮೂರರಲ್ಲಿ ಒಂದು ಪಾಲು ಬಂದಂತೆ. ಅಲ್ಲದೆ ಪರಿಹಾರ ಎಂಬುದು ಸರ್ಕಾರ ಆ ಸಂದರ್ಭ ನೋಡಿ ಕೊಡುವಂಥದು. ಪಾಲಿಸಿಯ ಹಣ ನಿಯಮ ಪಾಲಿಸಿದವನ ಹಕ್ಕು.

ನಮ್ಮ ಮನೆಯ ಹಸುವಿನ ಕಥೆ

ನಿಯಮ ಪಾಲಿಸಿದವನ ಹಕ್ಕು ಎಂದೆನಲ್ಲ, ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

1996ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ನಮ್ಮ ತಂದೆ ಬ್ಯಾಂಕ್ ಸಾಲ ಮಾಡಿ ಒಂದು ಮಿಶ್ರತಳಿ ಹಸು ತಂದಿದ್ದರು. ಸಾಲದ ಜೊತೆಯಲ್ಲೇ ವಿಮೆಯೂ ಆಯಿತು, ಕಿವಿಗೆ ಓಲೆ ಹೊಡೆದರು. ಒಂಬತ್ತು ತಿಂಗಳು ಕಳೆಯುವುದರಲ್ಲಿ, ಲಂಟಾನ ಬೇಲಿಗೆ ಸಿಕ್ಕಿಕೊಂಡು ಕಿವಿ ಹರಿದು ಓಲೆ ಕೆಳಗೆ ಬಿತ್ತು. ತಂದೆಯವರು ಅದನ್ನು ಹುಡುಕಿ ತಂದು, ತೊಳೆದು, ಪಾಲಿಸಿ ಕಾಗದದ ಜೊತೆ ಟ್ರಂಕಿನಲ್ಲಿಟ್ಟರು. ಓಲೆ ನಮ್ಮ ಹತ್ತಿರವೇ ಇದೆಯಲ್ಲ, ಇನ್ನೇನು ಭಯ ಎಂಬುದು ಅವರ ನಂಬಿಕೆ.

ಮಳೆಗಾಲದಲ್ಲಿ ಹಸು ಹೊಟ್ಟೆಯುಬ್ಬರದಿಂದ ರಾತ್ರೋರಾತ್ರಿ ಸತ್ತಿತು. ಬೆಳಿಗ್ಗೆ ಡಾಕ್ಟರು ಬಂದು ಮರಣೋತ್ತರ ಪರೀಕ್ಷೆ ಮಾಡಿದರು, ಕಾಗದವೆಲ್ಲ ಸರಿಯಾಗಿ ಹೋಯಿತು. ಎರಡು ತಿಂಗಳ ಮೇಲೆ ಉತ್ತರ ಬಂತು: ಸತ್ತ ಪ್ರಾಣಿಯ ಕಿವಿಯಲ್ಲಿ ಓಲೆ ಇರಲಿಲ್ಲವಾದ್ದರಿಂದ ಅದು ವಿಮೆ ಮಾಡಿಸಿದ ಹಸುವೇ ಎನ್ನಲು ಆಧಾರವಿಲ್ಲ, ಕ್ಲೇಮು ತಿರಸ್ಕರಿಸಲಾಗಿದೆ. ತಂದೆಯವರು ಆ ಕಾಗದವನ್ನು ನನ್ನ ಕೈಯಲ್ಲಿ ಮೂರು ಸಲ ಓದಿಸಿದರು. ಹಸು ಸತ್ತಿತು, ಸಾಲ ಸಾಯಲಿಲ್ಲ. ಅದನ್ನು ತೀರಿಸಲು ಮುಂದಿನ ಮೂರು ವರ್ಷ ಅವರು ನಮ್ಮ ಹೊಲದ ಕೆಲಸ ಮುಗಿಸಿ ಬೇರೆಯವರ ತೋಟದಲ್ಲಿ ಕೂಲಿ ಮಾಡಿದರು.

ನಿಯಮದ ಪ್ರಕಾರ ಅವರು ಕೊಟ್ಟ ಉತ್ತರ ತಪ್ಪಲ್ಲ. ಬಿಡಿ ಓಲೆಯನ್ನು ಯಾರು ಬೇಕಾದರೂ ತೋರಿಸಬಹುದು. ಆದರೆ ಓಲೆ ಬಿದ್ದರೆ ತಕ್ಷಣ ತಿಳಿಸಿ ಬೇರೆ ಹೊಡೆಸಬೇಕೆಂದು ನಮ್ಮ ತಂದೆಗೆ ಯಾರೂ ಹೇಳಿರಲಿಲ್ಲ. ಪಾಲಿಸಿಯಲ್ಲಿ ಅದು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಈ ಲೇಖನ ಬರೆಯಲು ಅದೂ ಒಂದು ಕಾರಣ.

ಕಿವಿಯೋಲೆಯೇ ಸಾಕ್ಷಿ

ಈಗ ಎಲ್ಲ ರಾಸುಗಳಿಗೂ 12 ಅಂಕಿಗಳ ಹಳದಿ ಓಲೆ ಹಾಕುತ್ತಿದ್ದಾರೆ. ಲಸಿಕೆ, ಗರ್ಭಧಾರಣೆ, ವಿಮೆ ಎಲ್ಲವೂ ಆ ಸಂಖ್ಯೆಯ ಮೇಲೆಯೇ ದಾಖಲಾಗುತ್ತವೆ. ಈ ವಿಚಾರದಲ್ಲಿ ಕೆಳಗಿನ ಎಚ್ಚರಿಕೆ ಇರಲಿ.

ಪಾಲಿಸಿ ಕೈಗೆ ಬಂದ ದಿನವೇ ಅದರಲ್ಲಿರುವ ಸಂಖ್ಯೆಯನ್ನೂ ಹಸುವಿನ ಕಿವಿಯ ಸಂಖ್ಯೆಯನ್ನೂ ಅಂಕಿಗೆ ಅಂಕಿ ಹೋಲಿಸಿ ನೋಡಿ. ಒಂದಂಕಿ ತಪ್ಪಿದ್ದರೂ ಕೂಡಲೇ ಬರೆದು ತಿದ್ದಿಸಿ. ಹಸುವಿನ ಬಣ್ಣ, ಕೊಂಬು, ಮಚ್ಚೆ, ವಯಸ್ಸು ಬರೆದಿರುವುದು ಸರಿಯೇ ನೋಡಿ.

ಓಲೆ ಕಾಣುವ ಹಾಗೆ ಹಸುವಿನ ಮುಖದ ಒಂದು ಫೋಟೊ, ಇಡೀ ಮೈಯ ಒಂದು ಫೋಟೊ ತೆಗೆದಿಡಿ. ಮನೆಯಲ್ಲಿ ಮಕ್ಕಳ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ.

ಓಲೆ ಬಿದ್ದರೆ ಅದೇ ದಿನ ಪಶು ಆಸ್ಪತ್ರೆಗೂ ವಿಮಾ ಕಚೇರಿಗೂ ತಿಳಿಸಿ, ಹೊಸದು ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿದ ಬಗ್ಗೆ ಕಾಗದ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು.

ಹಣ ಸಿಗದ ಸಂದರ್ಭಗಳು

ಪಾಲಿಸಿಗೆ ಪಾಲಿಸಿಗೆ ವ್ಯತ್ಯಾಸವಿದೆ. ಆದರೂ ಸಾಮಾನ್ಯವಾಗಿ ಕಂಡುಬರುವ ನಿಯಮಗಳು ಇವು.

ಪಾಲಿಸಿ ಆರಂಭವಾದ ಮೊದಲ 15 ದಿನಗಳಲ್ಲಿ ತಗುಲಿದ ರೋಗದಿಂದ ಸತ್ತರೆ ಸಾಮಾನ್ಯವಾಗಿ ಹಣವಿಲ್ಲ. ಕೆಲವು ಪಾಲಿಸಿಗಳಲ್ಲಿ ಈ ಅವಧಿ ಇನ್ನೂ ಹೆಚ್ಚು. ಕಾಯಿಲೆ ಬಿದ್ದ ಮೇಲೆ ವಿಮೆಗೆ ಓಡಿದರೆ ಪ್ರಯೋಜನವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅದು.

ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗ, ನೆರಡಿ ರೋಗದಂಥ ಸಾಂಕ್ರಾಮಿಕಗಳಿಂದ ಸತ್ತರೆ, ಲಸಿಕೆ ಹಾಕಿಸಿದ್ದಕ್ಕೆ ಆಧಾರ ಕೇಳುತ್ತಾರೆ. ಲಸಿಕೆ ಹಾಕಿಸುವಾಗ ನಿಮ್ಮ ಓಲೆ ಸಂಖ್ಯೆಯ ಮೇಲೆ ಅದು ದಾಖಲಾಯಿತೇ ಎಂದು ಕೇಳಿ.

ಕಳವು, ತಪ್ಪಿಸಿಕೊಂಡು ಹೋದದ್ದು, ಬೇಕೆಂದೇ ಮಾಡಿದ ಗಾಯ, ಆರೈಕೆಯಿಲ್ಲದೆ ಕೈಬಿಟ್ಟದ್ದು, ಅರ್ಹತೆಯಿಲ್ಲದವರಿಂದ ಮಾಡಿಸಿದ ಚಿಕಿತ್ಸೆಯಿಂದಾದ ಸಾವು, ಇವಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ.

ವಯಸ್ಸಿನ ಮಿತಿಯೂ ಉಂಟು. ಸಾಮಾನ್ಯವಾಗಿ ಕರೆಯುವ ಹಸುವಿಗೆ 10 ವರ್ಷ, ಎಮ್ಮೆಗೆ 12 ವರ್ಷ ದಾಟಿದರೆ ವಿಮೆಗೆ ತೆಗೆದುಕೊಳ್ಳುವುದಿಲ್ಲ. ಹಳೆಯ ರಾಸಿಗೆ ಉಳಿತಾಯವೇ ದಾರಿ.

ಬೆಲೆ ಕಟ್ಟುವಾಗ ಆಸೆಗೆ ಬಿದ್ದು ಹೆಚ್ಚು ಬರೆಸಬೇಡಿ. ಪ್ರೀಮಿಯಂ ಹೆಚ್ಚುತ್ತದೆ, ಕ್ಲೇಮಿನ ಹೊತ್ತಿಗೆ ತಕರಾರೂ ಹುಟ್ಟುತ್ತದೆ. ಪ್ರೀಮಿಯಂ ಉಳಿಸಲೆಂದು ಕಡಿಮೆ ಬರೆಸಿದರೆ ಸತ್ತಾಗ ಬರುವುದೂ ಕಡಿಮೆ. ಸಂತೆಯಲ್ಲಿ ಇಂದು ಅಂಥದೇ ಹಸು ಎಷ್ಟಕ್ಕೆ ಸಿಗುತ್ತದೋ ಅಷ್ಟನ್ನೇ ಬರೆಸಿ.

ಹಸುವನ್ನು ಮಾರಿದರೆ ಅಥವಾ ಕೊಂಡರೆ ಪಾಲಿಸಿಯನ್ನೂ ಹೊಸ ಯಜಮಾನನ ಹೆಸರಿಗೆ ಮಾಡಿಸಬೇಕು. ಹಾಗೆ ಮಾಡಿಸದಿದ್ದರೆ ಇಬ್ಬರಿಗೂ ಇಲ್ಲ.

ಹಸು ಸತ್ತ ದಿನ ಮಾಡಬೇಕಾದ್ದು

ದುಃಖದಲ್ಲಿ ಕೈಕಾಲು ಆಡದ ಹೊತ್ತು ಅದು. ಆದ್ದರಿಂದ ಇದನ್ನು ಈಗಲೇ ತಿಳಿದಿರಬೇಕು.

ಮೊದಲು ವಿಮಾ ಕಚೇರಿಗೆ ಫೋನ್ ಮಾಡಿ, ಅದೇ ದಿನ ಬರವಣಿಗೆಯಲ್ಲೂ ತಿಳಿಸಿ. ಜೊತೆಗೇ ಪಶುವೈದ್ಯರನ್ನು ಕರೆಸಿ. ಅವರು ನೋಡಿ ಹೇಳುವ ತನಕ ಶವವನ್ನು ಹೂಳಕೂಡದು, ಯಾರಿಗೂ ಕೊಡಕೂಡದು. ಓಲೆಯನ್ನು ನೀವಾಗಿ ಕಿತ್ತುಕೊಳ್ಳಕೂಡದು. ಓಲೆ ಕಿವಿಯಲ್ಲಿ ಕಾಣುವಂತೆ ಫೋಟೊ ತೆಗೆದುಕೊಳ್ಳಿ.

ಮರಣೋತ್ತರ ಪರೀಕ್ಷೆಯ ವರದಿ ಬೇಕೇ ಬೇಕು. ಆದರೆ ಒಂದು ಎಚ್ಚರಿಕೆ. ಹಸು ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ನೆರಡಿ ರೋಗದ ಸಂಶಯ ಪಡಬೇಕು. ಅಂಥ ಶವವನ್ನು ಯಾವ ಕಾರಣಕ್ಕೂ ಕುಯ್ಯಕೂಡದು, ಚರ್ಮ ಸುಲಿಯಕೂಡದು. ಆ ರೋಗ ಮನುಷ್ಯರಿಗೂ ತಗಲುತ್ತದೆ, ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡಾಕ್ಟರು ರಕ್ತದ ಲೇಪನ ತೆಗೆದು ಪರೀಕ್ಷೆಗೆ ಕಳುಹಿಸಿ ಅದರ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. ವಿಮೆಯ ಹಣಕ್ಕಾಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳಬೇಡಿ.

ಸಹಾಯಧನದ ಯೋಜನೆಯಲ್ಲಿ ಕೇಳಬೇಕಾದ ಕಾಗದಗಳು ನಾಲ್ಕೇ: ಸಾವಿನ ಸೂಚನೆ, ಪಾಲಿಸಿ, ಕ್ಲೇಮು ಫಾರಂ, ಮರಣೋತ್ತರ ಪರೀಕ್ಷೆಯ ವರದಿ. ಕಾಗದ ಕೊಟ್ಟ 15 ದಿನಗಳಲ್ಲಿ ಹಣ ಕೊಡಬೇಕೆಂದು ಯೋಜನೆಯ ನಿಯಮಾವಳಿ ಹೇಳುತ್ತದೆ. ಪ್ರತಿಯೊಂದು ಕಾಗದದ ನಕಲನ್ನು ಇಟ್ಟುಕೊಂಡು, ಕೊಟ್ಟ ದಿನಾಂಕಕ್ಕೆ ಸಹಿ ಹಾಕಿಸಿಕೊಳ್ಳಿ. ತಡವಾದಾಗ ಕೇಳಲು ಆ ಸಹಿಯೇ ಬಲ.

ಔಷಧದ ಗಂಟು ಕಟ್ಟುವ ಬಗೆ

ಇನ್ನು ಗಂಟಿನ ವಿಚಾರ. ಒಂದು ಸೂಲಿನಲ್ಲಿ ಏನೆಲ್ಲ ಬರಬಹುದು? ಕರು ಹಾಕಿದ ಆಸುಪಾಸಿನಲ್ಲಿ ಹಾಲು ಜ್ವರ, ಸತ್ತೆ ಬೀಳದಿರುವುದು, ಕೆಚ್ಚಲು ಬಾವು, ಉಣ್ಣೆಯಿಂದ ಬರುವ ಜ್ವರ, ಜಂತು, ಗೊರಸಿನ ಹುಣ್ಣು. ಇವುಗಳಲ್ಲಿ ಬಹುಪಾಲು ಬೇಗ ಚಿಕಿತ್ಸೆ ಕೊಟ್ಟರೆ ವಾಸಿಯಾಗುವಂಥವು. ಹಾಲು ಜ್ವರದಿಂದ ನೆಲ ಹಿಡಿದ ಹಸು ಸಕಾಲಕ್ಕೆ ರಕ್ತನಾಳಕ್ಕೆ ಸುಣ್ಣದಂಶದ ಔಷಧ ಹೋದರೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುವುದುಂಟು. ತಡವಾದರೆ ಸಾಯುತ್ತದೆ. ಕೈಯಲ್ಲಿ ದುಡ್ಡಿಲ್ಲವೆಂದು "ನಾಳೆ ನೋಡೋಣ" ಎಂದ ಒಂದು ರಾತ್ರಿಗೆ ಎಷ್ಟೋ ಹಸುಗಳು ಬಲಿಯಾಗುತ್ತವೆ. ಗಂಟಿನ ಉಪಯೋಗ ಇರುವುದು ಅಲ್ಲೇ. ವಿಮೆ ಸತ್ತ ಮೇಲೆ ಬರುತ್ತದೆ, ಗಂಟು ಸಾಯದಂತೆ ನೋಡಿಕೊಳ್ಳುತ್ತದೆ.

ಒಂದು ಸುಲಭ ವಿಧಾನ ಹೇಳುತ್ತೇನೆ. ಹಾಲಿನ ಬಟವಾಡೆ ಬಂದಾಗ ಲೀಟರಿಗೆ ಒಂದು ರೂಪಾಯಿ ತೆಗೆದಿಡಿ. ದಿನಕ್ಕೆ 10 ಲೀಟರ್ ಕೊಡುವ ಹಸು 300 ದಿನ ಕರೆದರೆ 3,000 ರೂಪಾಯಿ ಆಯಿತು. ಇದನ್ನು ಮನೆಯ ಡಬ್ಬಿಯಲ್ಲಿಡಬೇಡಿ. ಹಬ್ಬ, ನೆಂಟರು, ಶಾಲೆಯ ಫೀಸು ಎಂದು ಡಬ್ಬಿ ಕರಗುತ್ತದೆ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಬೇರೆ ಉಳಿತಾಯ ಖಾತೆ ತೆರೆದು ಅಲ್ಲಿಡಿ. ಬೇಕಾದ ದಿನ ತೆಗೆಯಲು ಬರುವಂತಿರಬೇಕು, ಬೇಡದ ದಿನ ಕೈಗೆ ಎಟುಕದಂತಿರಬೇಕು. ಹನಿಗೂಡಿದರೆ ಹಳ್ಳ ಎಂಬ ಗಾದೆ ನಿಮಗೆ ಗೊತ್ತೇ ಇದೆ.

ಸ್ತ್ರೀಶಕ್ತಿ ಗುಂಪುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹತ್ತು ಮನೆಯವರು ತಿಂಗಳಿಗೆ ನೂರು ರೂಪಾಯಿಯಂತೆ ಕೂಡಿಸಿದರೆ ವರ್ಷಕ್ಕೆ 12,000 ರೂಪಾಯಿ. ಹಸುವಿಗೆ ಕಾಯಿಲೆಯಾದವರು ಅದರಿಂದ ಬಡ್ಡಿಯಿಲ್ಲದೆ ತೆಗೆದುಕೊಂಡು ಮುಂದಿನ ಬಟವಾಡೆಗಳಲ್ಲಿ ತುಂಬಬೇಕು. ಆ ಹಣ ದನದ ಚಿಕಿತ್ಸೆಗೆ ಮಾತ್ರ ಎಂದು ಮೊದಲೇ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಗಂಟು ಉಳಿಸುವ ದಾರಿಗಳೂ ಇವೆ. ಸರ್ಕಾರಿ ಪಶು ಆಸ್ಪತ್ರೆಯನ್ನು ಮೊದಲು ಬಳಸಿಕೊಳ್ಳಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೇಳಬಹುದು, ಕರೆಗೆ ಹಣವಿಲ್ಲ. ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ. ಗಳಲೆ, ಚಪ್ಪೆ ರೋಗದ ಲಸಿಕೆಯನ್ನು ಮುಂಗಾರಿಗೆ ಮುಂಚೆಯೇ ಹಾಕಿಸಿ. ದೊಡ್ಡರೋಗ ಎಂದು ನಮ್ಮ ಹಿರಿಯರು ನಡುಗುತ್ತಿದ್ದ ಕಾಯಿಲೆ 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಅದನ್ನು ಓಡಿಸಿದ್ದು ಲಸಿಕೆ. ಎಲ್ಲಕ್ಕಿಂತ ಅಗ್ಗದ ವಿಮೆ ಅದೇ.

ಯಾರಿಗೆ ಯಾವುದು?

ಒಂದೆರಡು ಹಸು ಅಥವಾ ಎಮ್ಮೆ ಇರುವವರು, ಅದರಲ್ಲೂ ಸಾಲ ಮಾಡಿ ತಂದವರು, ವಿಮೆಯನ್ನು ತಪ್ಪಿಸಲೇಕೂಡದು. ಸಹಾಯಧನ ಸಿಗದಿದ್ದರೂ ಮಾಡಿಸಿ. ಜೊತೆಗೆ ಲೀಟರಿಗೆ ಒಂದು ರೂಪಾಯಿ ಗಂಟೂ ಇರಲಿ.

ಹದಿನೈದು ಇಪ್ಪತ್ತು ಹಸುಗಳ ಡೇರಿ ನಡೆಸುವವರು ಬೇರೆ ಲೆಕ್ಕ ಹಾಕಬಹುದು. ಒಂದು ಸತ್ತರೂ ಉಳಿದವುಗಳ ಹಾಲಿನಿಂದ ಅದನ್ನು ತುಂಬಿಕೊಳ್ಳುವ ಶಕ್ತಿ ಅವರಿಗುಂಟು. ಪೂರ್ತಿ ಪ್ರೀಮಿಯಂನಲ್ಲಿ ಎಲ್ಲಕ್ಕೂ ವಿಮೆ ಮಾಡಿಸುವ ಬದಲು ಹೆಚ್ಚು ಬೆಲೆಯ ಹಸುಗಳಿಗೆ ಮಾಡಿಸಿ, ಉಳಿದ ಹಣವನ್ನು ನಿಧಿಯಾಗಿಡಬಹುದು. ಆದರೆ ಸಿಡಿಲು, ವಿದ್ಯುತ್, ಕೊಟ್ಟಿಗೆಯ ಬೆಂಕಿ ಒಂದೊಂದಾಗಿ ಆರಿಸಿ ಕೊಲ್ಲುವುದಿಲ್ಲ ಎಂಬುದು ನೆನಪಿರಲಿ. ಕೊಟ್ಟಿಗೆಯ ಎಲ್ಲ ರಾಸುಗಳನ್ನೂ ಸೇರಿಸಲೇಬೇಕೆಂಬ ನಿಯಮವೂ ಕೆಲವು ಪಾಲಿಸಿಗಳಲ್ಲಿರುತ್ತದೆ, ಕೇಳಿ ತಿಳಿದುಕೊಳ್ಳಿ.

ಕುರಿ, ಮೇಕೆ ಸಾಕುವವರು ಇಡೀ ಹಿಂಡನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದು ಕುರಿ ಸತ್ತರೆ ತಡೆದುಕೊಳ್ಳಬಹುದು, ಮರದಡಿ ನಿಂತ ಹಿಂಡಿಗೆ ಸಿಡಿಲು ಬಡಿದರೆ ತಡೆದುಕೊಳ್ಳಲಾಗದು. ಸಹಾಯಧನದ ಯೋಜನೆಯಲ್ಲಿ ಹತ್ತು ಕುರಿ, ಮೇಕೆ, ಹಂದಿ ಅಥವಾ ಮೊಲಗಳನ್ನು ಒಂದು ದನಕ್ಕೆ ಸಮನಾದ ಒಂದು ಘಟಕವೆಂದು ಎಣಿಸುತ್ತಾರೆ. 2024ರ ಬದಲಾವಣೆಯಲ್ಲಿ ಕುರಿ, ಮೇಕೆಗಳ ಮಿತಿಯನ್ನು 5 ಘಟಕದಿಂದ 10ಕ್ಕೆ, ಅಂದರೆ ನೂರು ಪ್ರಾಣಿಗಳಿಗೆ ಏರಿಸಿದ್ದಾರೆ.

ಮೊಲ ಸಾಕುವ ಕೆಲವರು ನಮ್ಮಲ್ಲಿದ್ದಾರೆ. ಮಕ್ಕಳ ಆಸೆಗೆಂದು ಒಂದು ಜೋಡಿ ತಂದ ಮನೆಗಳೂ ಇವೆ. ಯೋಜನೆಯ ಪಟ್ಟಿಯಲ್ಲಿ ಮೊಲವೂ ಇದೆ ನಿಜ. ಆದರೆ ಮೊಲ 30-31 ದಿನಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೆಂಟು ಮರಿ ಸಾಮಾನ್ಯ. ಒಂದು ಹೋದರೆ ತುಂಬಿಕೊಳ್ಳುವುದು ಸುಲಭ. ಅದನ್ನು ಕಾಡುವ ಕಿವಿ ಕಜ್ಜಿ, ನೆಗಡಿ, ಕಾಕ್ಸಿಡಿಯ ಭೇದಿಗೆ ಬೇಕಾದದ್ದು ಒಣಗಿದ ಗೂಡು, ಶುಚಿಯಾದ ನೀರು, ಸ್ವಲ್ಪ ಔಷಧದ ದುಡ್ಡು. ಜೋಡಿ ಮೊಲಕ್ಕೂ ನಾಲ್ಕು ಕೋಳಿಗೂ ಉಳಿತಾಯವೇ ಸಾಕು. ನೂರಾರು ಮೊಲಗಳ ಕಸುಬು ಮಾಡುವವರು, ಸಾಲವಿದ್ದರೆ, ವಿಮೆಯನ್ನು ವಿಚಾರಿಸಬೇಕು.

ಕೊನೆಯ ಮಾತು

ಆ ದಿನ ವಾಚನಾಲಯದ ಜಗಲಿಯಲ್ಲಿ ಇಷ್ಟನ್ನು ಹೇಳಿ ಮುಗಿಸುವಾಗ ಹೊತ್ತು ಮುಳುಗಿತ್ತು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎರಡಕ್ಕೂ ಕಟ್ಟಬೇಕು ಅನ್ನಿ" ಎಂದರು. ಹೌದು ಎಂದೆ. ಆಮೇಲೆ ಅವರ ಹಸುವಿನ ಓಲೆ ಕಿವಿಯಲ್ಲಿದೆಯೇ ಎಂದು ಕೇಳಿದೆ. ಅವರು ಯೋಚಿಸಿದರು. ಗೊತ್ತಿಲ್ಲ, ಮನೆಗೆ ಹೋಗಿ ನೋಡಬೇಕು ಎಂದರು.

ರೈತ ಬಾಂಧವರೇ, ಇದನ್ನು ಓದಿ ಮುಗಿಸಿದ ಮೇಲೆ ನೀವೂ ಅಷ್ಟು ಮಾಡಿ. ಸಂಜೆ ಹಾಲು ಕರೆಯುವಾಗ ಹಸುವಿನ ಕಿವಿ ನೋಡಿ. ಪಾಲಿಸಿ ತೆಗೆದು ಸಂಖ್ಯೆ ಹೋಲಿಸಿ, ಅವಧಿ ಎಂದು ಮುಗಿಯುತ್ತದೆ ನೋಡಿ. ಪಾಲಿಸಿ ಇಲ್ಲದಿದ್ದರೆ ನಾಳೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯನ್ನು ಕೇಳಿ, ಪಶು ಆಸ್ಪತ್ರೆಯಲ್ಲಿ ಹೆಸರು ಬರೆಸಿ. ಮುಂದಿನ ಬಟವಾಡೆಯಿಂದ ಲೀಟರಿಗೆ ಒಂದು ರೂಪಾಯಿ ಬೇರೆ ಇಡಿ. ಓದಲು ಬಾರದ ನೆರೆಯವರಿದ್ದರೆ ಅವರ ಪಾಲಿಸಿಯನ್ನೂ ಒಮ್ಮೆ ಓದಿ ಹೇಳಿ.